ಮೊದಲ ಅಂಗುಲ

ಮೋನಪ್ಪಜ್ಜನ ಟೇಪಿಗೆ ಮೊದಲ ಅಂಗುಲ ಇಲ್ಲ.
ಯಾವಾಗ ಮುರಿಯಿತು ಅಂತ ಕೇಳಿದರೆ
ಕುಷ್ಟಗಿ ರಸ್ತೆಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ ಅನ್ನುತ್ತಾನೆ.
ಒಂದರ ಗೀಟಿನಿಂದ ಹಿಡಿಯುತ್ತಾನೆ,
ಬಂದದ್ದರಲ್ಲಿ ಒಂದು ಕಳೆಯುತ್ತಾನೆ.
ಹೀಗೆ ಕಳೆದು ಕಳೆದು ಸಿಂಧನೂರಿನಲ್ಲಿ
ಎಷ್ಟು ಬಾಗಿಲು ನಿಲ್ಲಿಸಿದನೋ,
ಒಂದೂ ಚೌಕಟ್ಟಿಗೆ ತಾಗಿ ಕಿರ್ ಅಂದಿಲ್ಲ.

ನನ್ನ ಮಷೀನಿಗೆ ಕಳೆಯುವುದು ಗೊತ್ತಿಲ್ಲ.
ತಗಡಿನ ಶೆಡ್ಡಿನ ನಡುವೆ
ಕಟ್ಟಿಹಾಕಿದ ಎಮ್ಮೆಯ ಹಾಗೆ ನಿಂತಿರುತ್ತದೆ,
ತ್ರೀ ಫೇಸು ಬಂದಾಗ ಮಾತ್ರ ಮೈಮುರಿದು ಏಳುತ್ತದೆ.
ಐಟಿಐ ಓದಿದ ನಾನು, ಮಾಬುನ್ನಿ,
ಹೇಳಿದ್ದನ್ನು ಹೇಳಿದಷ್ಟೇ ಕೊರೆಯುತ್ತದೆ.
ಸಾಗವಾನಿಯಾದರೂ ಸೈ, ಬೇವಾದರೂ ಸೈ,
ಪುಡಿ ಒತ್ತಿ ಮಾಡಿದ ಹಲಗೆಯಾದರೂ ಸೈ,
ಒಂದು ಬಳ್ಳಿಗೆ ಇಪ್ಪತ್ತು ನಿಮಿಷ.
ಅಜ್ಜನಿಗೆ ಎಂಟು ದಿನ
ಮತ್ತು ಒಂದು ಸೊಂಟ.

ಕ್ಯಾಂಪಿನ ವೆಂಕಟರತ್ನಂ ಅವರ ಹೊಸ ಮನೆ:
ಮೂರಂತಸ್ತು, ಗಾಜು, ಮುಂದೆ ಕಬ್ಬಿಣದ ತೊಲೆ,
ಬಾಗಿಲು ಮಾತ್ರ ಮರದ್ದೇ ಬೇಕಂತೆ.
ಅಳತೆಗೆ ಹೋದವನು ಅಜ್ಜ.
"ನಲವತ್ಮೂರು" ಅಂದ.
ನಲವತ್ತಮೂರು ಒತ್ತಿದೆ.

ನಿಲ್ಲಿಸುವಾಗ ಬಾಗಿಲು ಒಳಗೆ ಹೋಗಲೊಲ್ಲದು.
ಅಜ್ಜ ನನ್ನ ಮುಖ ನೋಡಿದ, ನಾನು ಟೇಪಿನ ಮುಖ.
"ಕಳೀಲಿಲ್ಲೇನ ಮಾಬುನ್ನಿ?"
"ನೀ ಕಳದು ಹೇಳಿದಿ ಅಂದ್ಕೊಂಡೆ."
"ನಾ ಯಾವಾಗ ಕಳದು ಹೇಳೀನಿ? ಕೇಳಿದವ್ರು ಕಳೀತಿದ್ರು."
ತೀರಿಹೋದ ಅವನ ತಮ್ಮ ಕಳೆಯುತ್ತಿದ್ದ,
ಕೈಕೆಳಗಿನ ಹುಡುಗರು ಕಳೆಯುತ್ತಿದ್ದರು,
ಇಡೀ ಅಂಗಡಿಯೇ ಒಂದು ಕಡಿಮೆ ಕೇಳಿಸಿಕೊಳ್ಳುತ್ತಿತ್ತು.

ಆಮೇಲೆ ಅವನೇ ಉಜ್ಜುಗೊರಡು ಹಿಡಿದ.
ಆ ಕಡೆ ಈ ಕಡೆ ಕೀಸಿದ. ಮಷೀನು ಬರೆದ ಬಳ್ಳಿಯ
ಅಂಚಿನ ಎಲೆತುದಿಗಳು ಸುರುಳಿಯಾಗಿ
ಅವನ ಪಾದದ ಮೇಲೆ ಬಿದ್ದವು.
ಬಾಗಿಲು ಕೂತಿತು.
ವೆಂಕಟರತ್ನಂ ಹಿಂದೆ ಸರಿದು, ಕತ್ತು ವಾರೆ ಮಾಡಿ ನೋಡಿದರು:
"ಎಲೆ ಗೋಡೆಯೊಳಗೆ ಹೊಕ್ಕ ಹಾಗಿದೆ, ಚೆನ್ನಾಗಿದೆ.
ಏಳು ಕಿಟಕಿಗೂ ಇದನ್ನೇ ಹಾಕಿ."

ತಪ್ಪನ್ನು ಮಷೀನಿಗೆ ಕಲಿಸುವುದು ಸುಲಭವಲ್ಲ.
ಒಂದು ರಾತ್ರಿ ಕೂತೆ.
ಏಳು ಜೋಡಿ ಕದ; ಅದೇ ಎಲೆ, ಅದೇ ನರದ ಮೇಲೆ ತುಂಡು.
ಅಜ್ಜ ಒಂದೊಂದರ ಮೇಲೂ ಹೆಬ್ಬೆರಳು ಎಳೆದ.
"ನಾ ಎಡಕ್ಕ ಐದು ನೂಲು ತಗದಿದ್ದೆ, ಬಲಕ್ಕ ಮೂರು.
ಭುಜ ನೋಯ್ತಿತ್ತು. ಅದನ್ನೂ ಹಾಕೀಯೇನು?"
ಹಾಕಿದ್ದೆ.
ಬಾಯಿಗೆ ಎರಡು ಮೊಳೆ ಹಾಕಿಕೊಂಡ,
ಮುಂದೆ ಮಾತಿಲ್ಲ.

ಈಗ ಕರೆಂಟು ಹೋಗಿದೆ.
ಮಷೀನಿನ ಮೂಗು ಅರ್ಧ ಹೂವಿನಲ್ಲಿ ನಿಂತಿದೆ.
ಬಂದ ಮೇಲೆ ಅದಕ್ಕೆ ಮತ್ತೆ ಸೊನ್ನೆ ತೋರಿಸಬೇಕು,
ಮೂಲೆಗೆ ಕರೆದೊಯ್ದು, ಇಲ್ಲಿಂದ, ಅಂತ.
ಸೊನ್ನೆ ಸಿಗದೆ ಅದು ಒಂದು ಗೀಟೂ ಎಳೆಯದು.
ಹೊರಗೆ ಬೇವಿನ ನೆರಳಲ್ಲಿ ಅಜ್ಜ
ಯಾರದೋ ಹೊರಸಿನ ಕಾಲಿಗೆ ಟೇಪು ಹಿಡಿದಿದ್ದಾನೆ,
ಒಂದರಿಂದ.