ಮೂವತ್ತೆರಡು

ಮೊನ್ನೆ ರಾತ್ರಿ ಒಂದೇ ಒಂದು ಅಂಕಿ ತಿದ್ದಿದೆ.
ಮೂವತ್ತೆರಡು ಇದ್ದದ್ದು ಅರವತ್ತನಾಲ್ಕು.
ಅಷ್ಟೇ. ಮಿಕ್ಕ ಸಾವಿರಾರು ಸಾಲು ಇದ್ದ ಹಾಗೇ ಇದ್ದವು.
ಒಂದು ಎಚ್ಚರಿಕೆಯೂ ಇಲ್ಲದೆ ಕರ್ನೆಲ್ಲು ಕಟ್ಟಿಕೊಂಡಿತು,
ಉಪ್ಪಳ್ಳಿಯ ನಮ್ಮ ಮಹಡಿಯಲ್ಲಿ ಫ್ಯಾನು ಮಾತ್ರ
ಎಂದಿನಂತೆ ಕಿರ್ರೆಂದಿತು.

ಬೆಳಿಗ್ಗೆ ಕಾಫಿ ಕ್ಯೂರಿಂಗಿನಿಂದ ಫೋನು:
ನಲವತ್ತೊಂದು ಮೂಟೆಗೆ
ಒಂಬತ್ತು ಲಕ್ಷ ಟನ್ನು ತೋರಿಸ್ತಿದೆ ಕಣ್ರೀ ನಿಮ್ಮ ಮಿಷನ್ನು.

ಹೋದೆ. ತೂಕದ ಕಟ್ಟೆಯ ಪಕ್ಕ ಜೈಬುನ್ನಿಸಾ,
ಮೂಟೆಗೊಂದರಂತೆ ಕಾಫಿಬೀಜ
ಬಿಸ್ಕತ್ತಿನ ಡಬ್ಬಿಗೆ ಹಾಕಿ ಲೆಕ್ಕ ಇಡುವವಳು,
ಡಬ್ಬಿ ಅಲ್ಲಾಡಿಸಿ ತೋರಿಸಿದಳು:
'ಇದನ್ನ ಯಾರೂ ರಿಪೇರಿ ಮಾಡಿಲ್ಲ ಮೇಡಂ,
ಸರಿಯಾಗೇ ಇದೆ.'

ತೂಕದ ಪ್ರೋಗ್ರಾಮು ಲಿಗೋರಿ ಪಿಂಟೊ ಬರೆದದ್ದು.
ಲಿಗೋರಿ ಹೋಗಿ ಹನ್ನೊಂದು ವರ್ಷ.
ಸೋರ್ಸ್ ಇದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದು
ಸುಣ್ಣ ಹೊಡೆಸುವಾಗ ಯಾರೋ ಎಸೆದರಂತೆ.
ಉಳಿದದ್ದು ಬೈನರಿ ಒಂದೇ.
ಅದರೊಳಗೆ ಅವರು ನನ್ನ ಕರ್ನೆಲ್ಲಿನ ಮಾತು ನಂಬಿ
ಮೂವತ್ತೆರಡು ಹೆಸರಿಗೆ ಜಾಗ ಬಿಟ್ಟಿದ್ದರು.
ಅದಕ್ಕೆ ತಾಗಿದಂತೆಯೇ ದಿನದ ಮೊತ್ತ.

ನಾನು ಅಚ್ಚೇರಿಗೆ ಸೇರು ಸುರಿದಿದ್ದೆ.
ಚೆಲ್ಲಿದ್ದು ನೆಲಕ್ಕಲ್ಲ,
ಪಕ್ಕದ ಲೆಕ್ಕದ ಮೇಲೆ.

ಮತ್ತೆ ಕಂಪೈಲ್ ಮಾಡಿಸಿಕೊಳ್ಳಿ ಅನ್ನಬಹುದಿತ್ತು.
ಯಾರಿಗೆ ಅನ್ನಲಿ,
ಶಿಲುಬೆಯ ಕೆಳಗೆ ಮಲಗಿದ ಲಿಗೋರಿಗೆ?
ಮಾತು ಕೊಟ್ಟವಳು ನಾನು.
ಅವರು ಬರೆದಿಟ್ಟುಕೊಂಡರು, ಅಷ್ಟೇ.

ಸರ್ವೆ ಇಲಾಖೆಯಲ್ಲಿದ್ದ ಚಿಕ್ಕಪ್ಪ ಹೇಳುತ್ತಿದ್ದರು:
ಜಮೀನು ಒಡೆದರೆ ಹಿಸ್ಸಾ ಹಾಕು, ನಂಬರು ಮುಟ್ಟಬೇಡ.
ಹಳೇ ನಂಬರನ್ನು ಇನ್ನೊಬ್ಬರಿಗೆ ಕೊಟ್ಟೆಯೋ,
ಮೂರು ತಲೆಮಾರು ಕೋರ್ಟಿನ ಮೆಟ್ಟಿಲಲ್ಲಿ.

ರಾತ್ರಿ ಮತ್ತೆ ಕೂತೆ.
ನೂರಹದಿನೇಳನೇ ಕರೆ ಹಳೆಯದು. ಅದು ಬಂದು ಕೇಳಿದರೆ
ಮೂವತ್ತೆರಡೇ ಕೊಡು, ಬಾಯಿ ಮುಚ್ಚು.
ಮುನ್ನೂರಾರು ಹೊಸದು. ಅದಕ್ಕೆ ಅರವತ್ತನಾಲ್ಕು.
ಆದರೆ ತಾನು ತಂದ ಪಾತ್ರೆ ಎಷ್ಟು ದೊಡ್ಡದೆಂದು
ಅದೇ ಮೊದಲು ಹೇಳಬೇಕು.
ಹೆಡರಿನಲ್ಲಿ ಹೆಸರು ಹಳೆಯದೇ,
ಇನ್ನು ಮುಂದೆ ಕಟ್ಟುವವರು
ಗೊತ್ತಾಗದೆಯೇ ಹೊಸ ಬಾಗಿಲಿಗೆ ಬರುತ್ತಾರೆ.

ಚೆಂದವಿಲ್ಲ. ಒಂದೇ ಕೋಣೆಗೆ ಎರಡು ಬಾಗಿಲು.
'ಹಳೇದನ್ನ ಯಾವಾಗ ಮುಚ್ಚೋದು?' ಅಂದ
ಜೊತೆಗೆ ಕೆಲಸ ಮಾಡುವ ಶ್ರೇಯಾಂಸ.
ಉತ್ತರ ಹೇಳುವ ಬದಲು
ಆ ಸಾಲಿನ ನೆತ್ತಿಯ ಮೇಲೆ ಟಿಪ್ಪಣಿ ಬರೆದೆ:
ತೆಗೆಯಬೇಡಿ.
ಚಿಕ್ಕಮಗಳೂರಿನಲ್ಲಿ ಒಬ್ಬರು ಬಳಸುತ್ತಿದ್ದಾರೆ.

ಮಾರನೇ ಸಂಜೆ ಪರದೆಯ ಮೇಲೆ ಐವತ್ತೆರಡು.
ಜೈಬುನ್ನಿಸಾ ಡಬ್ಬಿ ಬೋರಲು ಹಾಕಿ ಎಣಿಸಿದಳು.
ಐವತ್ತಮೂರು.
ನನ್ನ ಜೀವ ಹಾರಿತು.
ಅವಳು ಮಾತ್ರ ಅಂಗೈಯಲ್ಲಿ ಆಡಿಸುತ್ತಾ
ಒಂದನ್ನು ಹೆಕ್ಕಿ, ಬೆಳಕಿಗೆ ಹಿಡಿದು,
'ಕಲ್ಲು' ಎಂದು
ಕಿಟಕಿಯಾಚೆ ಎಸೆದಳು.