ಬಲರೆಕ್ಕೆ, ಏಳನೆಯದು

ಮೊದಲು ಬಂದದ್ದು ಒಂದು ಕೈಗವಸು.
ಲಡ್ಲೋ ಪೇಟೆಯ ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ
ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ ಕೂತಿದ್ದೆ.
ಮೊಳಕೈವರೆಗಿನ ದಪ್ಪ ಚರ್ಮ, ಹೆಬ್ಬೆರಳ ಬುಡಕ್ಕೆ ನಾಲ್ಕು ತೂತು,
ಹಸಿಮಾಂಸದ ವಾಸನೆ.
“ಯಾರು ಹರಿದದ್ದು?” ಅಂದೆ.
“ಗೂಬೆ” ಅಂದಳು ಗ್ವೆನ್‌ಲಿಯನ್, ಮಗನ ತಂಟೆಗೆ ಕ್ಷಮೆ ಕೇಳುವವಳ ಹಾಗೆ.

ನಗು ಬಂತು.
ನಮ್ಮಲ್ಲಿ ಗೂಬೆ ಕೂರಿಸುವುದು ಬೇರೆಯವರ ತಲೆಯ ಮೇಲೆ;
ಈಕೆ ತನ್ನ ಕೈಮೇಲೇ ಕೂರಿಸಿಕೊಂಡಿದ್ದಾಳೆ.

ಭಾನುವಾರ ಕ್ಲನ್ ಊರಾಚೆಯ ಗುಡ್ಡಕ್ಕೆ ಹೋದೆ,
ಹೊಲಿದ ಗವಸು ಕೊಟ್ಟು ಬರಲಿಕ್ಕೆ. ಅಷ್ಟೇ ಅಂತ ಹೋದೆ.
ಹಲಗೆಯ ಹದಿನಾಲ್ಕು ಗೂಡು.
ಒಂದರಲ್ಲಿ ಕಾರಿಗೆ ಬಡಿದ ಗಿಡುಗ,
ಒಂದರಲ್ಲಿ ಒಕ್ಕಣ್ಣಿನ ಚಾಣ;
ಉಳಿದೊಂದು ಕಣ್ಣಲ್ಲೇ ನನ್ನ ಜೇಬಿನ ಸೂಜಿ ಎಣಿಸಿತು.
ಬಕೆಟ್ಟಿನಲ್ಲಿ ಐಸು ಬಿಡುತ್ತಿದ್ದ ಹಳದಿ ಕೋಳಿಮರಿಗಳು,
ಒಂದು ದಿನವೂ ಪೂರ್ತಿ ಬದುಕದವು.
ನೋಡಬೇಡ ಅಂದಳು. ನೋಡಿದೆ.
ದಯೆಯ ಮನೆಗೂ ಹಿತ್ತಲಿದೆ.

ಕೊನೆಯ ಗೂಡಿನಲ್ಲಿ ಕೆಂಪು ಹದ್ದು.
ಕವಲೊಡೆದ ಬಾಲ, ತುಕ್ಕಿನ ಬಣ್ಣ,
ಯಾರದೋ ಕೋವಿಯ ಛರ್ರೆ ತಿಂದ ಬಲರೆಕ್ಕೆ.
ಮೂಳೆ ಕೂಡಿದೆ, ಗಾಯ ಮಾಗಿದೆ, ಗರಿ ಮಾತ್ರ ಮೊಂಡು.
ಮುರಿದ ಗರಿ ಬೆಳೆಯುವುದಿಲ್ಲ,
ತಾನಾಗಿ ಉದುರಬೇಕು, ಆಮೇಲೆ ಹೊಸದು.
ಅಲ್ಲಿವರೆಗೆ ವರ್ಷಗಟ್ಟಲೆ ತೊಲೆಯ ಮೇಲೆ ಕೂತು
ಆಕಾಶವನ್ನು ಬರೀ ಕೇಳಿಸಿಕೊಳ್ಳಬೇಕು.

ಗ್ವೆನ್ ಮೇಜಿನ ಖಾನೆ ಎಳೆದಳು. ಸಾಲು ಲಕೋಟೆ, ಪೆನ್ಸಿಲಿನ ಬರಹ:
ಎಡ ಎರಡು. ಬಾಲ, ನಡುವಿನದು. ಬಲ ಏಳು.
ಮೊಲದ ಹೆಣಕ್ಕೆ ಯಾರೋ ಸವರಿಟ್ಟ ವಿಷ ತಿಂದು
ಮಾರ್ಚಿನಲ್ಲಿ ಬೇಲಿಬುಡಕ್ಕೆ ಬಿದ್ದಿದ್ದವಳದ್ದು.

ಹಳೇ ಹುಬ್ಬಳ್ಳಿಯಲ್ಲಿ ನಮ್ಮಪ್ಪ ರಫೂ ಮಾಡುತ್ತಿದ್ದ.
“ಜೈತೂನ್, ರಫೂ ಅಂದ್ರ ಹೊಲಿಗಿ ಅಲ್ಲ ಬೇಟಾ.
ಅದೇ ಬಟ್ಟೀ ಅಂಚಿನೊಳಗಿಂದ ಒಂದು ಎಳಿ ತಗೊಂಡು
ತೂತಿಗೆ ಕೊಡೋದು. ತೂತಿಗೂ ಗೊತ್ತಾಗಬಾರದು.”
ಮಧ್ಯಾಹ್ನ ಮಟನ್ ಮಾರ್ಕೆಟ್ಟಿನ ತಗಡಿನ ಮೇಲೆ ಹದ್ದುಗಳು;
ಅಪ್ಪ ಒಂದು ಚೂರು ಮೇಲೆಸೆಯುತ್ತಿದ್ದ,
ಅದು ನೆಲಕ್ಕೆ ಬಿದ್ದದ್ದು ನಾನು ನೋಡಿಲ್ಲ.

ಮೂರು ಭಾನುವಾರ ಕೋಳಿಗರಿಯಲ್ಲಿ ಕೈ ಪಳಗಿಸಿದೆ.
ನಾಲ್ಕನೆಯದಕ್ಕೆ ಅವಳನ್ನು ಟವೆಲಿನಲ್ಲಿ ಸುತ್ತಿ ತಂದರು,
ಕಣ್ಣಿಗೆ ಚರ್ಮದ ಟೊಪ್ಪಿ.
ಮುರಿದ ದಂಟು ಕತ್ತರಿಸಿದೆ. ಒಳಗೆ ಟೊಳ್ಳು, ಹುಲ್ಲುಕಡ್ಡಿಯ ಹಾಗೆ.
ಬಿದಿರಿನ ಸೀಳು ಹೆರೆದೆ:
ಅರ್ಧ ಬದುಕಿದವಳೊಳಗೆ, ಅರ್ಧ ಸತ್ತವಳೊಳಗೆ,
ನಡುವೆ ಒಂದು ಹನಿ ಅಂಟು.
ಪಕ್ಕದ ಗರಿಗೆ ಅಂಟು ತಾಗದಂತೆ ಅಡ್ಡ ಇಟ್ಟದ್ದು
ಯಾರದೋ ಕೋಟಿನ ರಸೀದಿ.
ಟವೆಲಿನೊಳಗೆ ಅವಳ ಎದೆ
ಬಟ್ಟೆಯಿಲ್ಲದೆ ಓಡುವ ಹೊಲಿಗೆ ಮಶೀನು.
ಐದು ಗರಿ, ಮೂರು ತಾಸು.

ಬಿಟ್ಟ ದಿನ ದೊಡ್ಡದೇನೂ ಆಗಲಿಲ್ಲ.
ಪೆಟ್ಟಿಗೆ ತೆರೆದರೂ ಒಳಗೇ ಕೂತಳು.
ಗ್ವೆನ್ ಪೆಟ್ಟಿಗೆ ಓರೆ ಮಾಡಿದಳು; ಸಿಟ್ಟಿನಿಂದಲೇ ಹಾರಿದಳು.
ಓಕ್ ಮರದ ಮೇಲೆ ಕೂತು ನನ್ನ ಐದೂ ಬೆಸುಗೆಯನ್ನು
ಒಂದೊಂದಾಗಿ ಕೊಕ್ಕಿನಲ್ಲಿ ಎಳೆದು ನೋಡಿದಳು.
ಗಿರಾಕಿ ಅಂದರೆ ಹೀಗಿರಬೇಕು.
ಆಮೇಲೆ ಗುಡ್ಡದಾಚೆ.

ಮರುವರ್ಷ ಆಗಸ್ಟಿನಲ್ಲಿ
ಅಂಚೆಯ ಐವರ್ ಕೌಂಟರಿನ ಮೇಲೆ ಒಂದು ಗರಿ ಇಟ್ಟ.
“ಕುರಿದಾರಿಯಲ್ಲಿ ಬಿದ್ದಿತ್ತು. ಒಳಗೇನೋ ಕಡ್ಡಿ ಇದೆ, ನೋಡು.”

ಬಲ ಏಳು.
ತುದಿ ಸವೆದಿದೆ, ಬಣ್ಣ ಬಿಸಿಲಿಗೆ ಬಿಳಿಚಿದೆ,
ಬೆಸುಗೆ ಬಿಟ್ಟಿಲ್ಲ.
ಬಿಟ್ಟದ್ದು ಅವಳು, ತನ್ನದು ಬಂದ ಮೇಲೆ.

ಹೊಸ ಲಕೋಟೆ ತೆಗೆದೆ. ಎರಡು ಹಕ್ಕಿ ಹಾರಿದ ಗರಿ,
ಯಾರದೆಂದು ಬರೆಯಲಿ?
ಪೆನ್ಸಿಲು ಹೆರೆಯುತ್ತ ಕೂತೆ.
ಹೊರಗೆ ಯಾರೋ ಗಂಟೆ ಒತ್ತಿದರು,
ಕೈಯಲ್ಲಿ ಪ್ಯಾಂಟು, ಎರಡು ಇಂಚು ಉದ್ದ.