ಕಾಲು

ರೂವಿಯಲ್ಲಿ ರಾತ್ರಿ ಹತ್ತಕ್ಕೆ ಐದು ನಿಮಿಷ.
ಎಲ್ಲರೂ ಹೋದ ಮಹಡಿಯಲ್ಲಿ ಉಳಿದವರು ಇಬ್ಬರೇ:
ರಯ್ಯಾ ಮೇಡಂ, ಸುತ್ತೋಲೆ ಬರೆಯುವವರು,
ನಾನು, ಅದನ್ನು ಟೈಪು ಮಾಡುವವನು.

ಮಧ್ಯಾಹ್ನವೇ ಮೂರು ಕರಡು ಮಾಡಿಟ್ಟಿದ್ದೆವು:
ಏರಿದರೆ ಒಂದು, ಇದ್ದ ಹಾಗೇ ಇದ್ದರೆ ಒಂದು,
ಇಳಿದರೆ ಒಂದು. ಕಡತ ಸಾಲದೆ
ಇಳಿಕೆಯದನ್ನು ಹಳೇ ಲಕೋಟೆಗೆ ತುರುಕಿದ್ದೆ.
ಮೂರರಲ್ಲೂ ತಾರೀಖು ಅದೇ, ರುಜುವಿನ ಜಾಗ ಅದೇ,
‘ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸಿ’
ಎಂಬ ಸಾಲೂ ಅದೇ.

ಪರಿಶೀಲಿಸುವವರು ಬೇರೆ.
ವಾಷಿಂಗ್ಟನ್ನಿನಲ್ಲಿ ನಿನ್ನೆಯಿಂದ ಕೂತ ಹನ್ನೆರಡು ಮಂದಿ
ಉದ್ದ ಮೇಜಿನ ಸುತ್ತ ಹೂಂ, ಊಹೂಂ ಅನ್ನುತ್ತಾರೆ.
ಲಂಡನ್ನಿನಲ್ಲಿ ಒಂಬತ್ತು ಜನ; ಒಮ್ಮೊಮ್ಮೆ ಐದಕ್ಕೆ ನಾಲ್ಕು,
ಸೋತ ನಾಲ್ವರ ಹೆಸರೂ ಅಚ್ಚಾಗುತ್ತದೆ.
ಮುಂಬೈಯಲ್ಲಿ ಆರು; ಸಮ ಬಿದ್ದರೆ
ಗವರ್ನರರಿಗೆ ಇನ್ನೊಂದು ಕೈ.
ಮೇಲಿನ ಕುವೈತಿನವರದು ಬುಟ್ಟಿ ಲೆಕ್ಕ.
ಬುಟ್ಟಿಯೊಳಗೆ ಯಾವ ದೇಶದ ನಾಣ್ಯ ಎಷ್ಟು ಅಂತ
ಹೆಂಡತಿಗೂ ಹೇಳುವುದಿಲ್ಲವಂತೆ.
ಮನಸ್ಸು ಬಂದರೆ ಒಂದು ಸಲ ತಡೆದು ನೋಡುತ್ತಾರೆ.

ನಮ್ಮದು ಗೂಟ.
ನಾನು ವಿಮಾನ ಹತ್ತುವ ಮೊದಲೇ ಹೊಡೆದದ್ದು:
ಡಾಲರಿಗೆ ಮುನ್ನೂರ ಎಂಬತ್ತನಾಲ್ಕೂವರೆ ಬೈಸ.
ಆ ಅರೆ ಕೂಡ ಅಲುಗಿಲ್ಲ.
ಸಂಬಳ ಎಣಿಸುವಾಗ, ಊರಿಗೆ ಕಳಿಸುವಾಗ
ನಾನೂ ಅದಕ್ಕೇ ಬೆನ್ನು ಕೊಟ್ಟು ಕೂತವನು, ಸುಳ್ಳು ಯಾಕೆ.
ಆದರೆ ಗೂಟ ಅಂದ ಮೇಲೆ ಹಗ್ಗ,
ಹಗ್ಗ ಅಂದ ಮೇಲೆ
ಅದರ ಉದ್ದ.

ಹತ್ತು ಗಂಟೆ. ಪರದೆಯ ಮೇಲೆ ಒಂದು ಸಾಲು ಬಂತು.
“ಕಾಲು,” ಅಂದೆ, ಬಾಯಿ ತಪ್ಪಿ.
“ಏನು ಹಾಗಂದರೆ?”
ಒಂದನ್ನು ನಾಲ್ಕು ಮಾಡಿದರೆ ಒಂದು ಪಾಲಿಗೆ ನಮ್ಮಲ್ಲಿ ಕಾಲು ಅಂತಾರೆ,
ನಡೆಯುವ ಇದಕ್ಕೂ ಅದೇ ಹೆಸರು, ಅಂತ
ಮೇಜಿನಡಿಯಿಂದ ಬೂಟು ಸಮೇತ ಎತ್ತಿ ತೋರಿಸಿದೆ.
ಮೇಡಂ ಕಣ್ಣೀರು ಬರುವ ಹಾಗೆ ನಕ್ಕರು.
“ನಮ್ಮ ಅರಬ್ಬಿಯಲ್ಲಿ ಕಾಲೂ ಅಂದರೆ
‘ಅವರು ಹೇಳಿದರು’.”

ಆಮೇಲೆ ಇಬ್ಬರೂ ನಗಲಿಲ್ಲ.

ಅವರು ಹೇಳಿದರು. ಏರಿಕೆಯ ಕರಡು ತೆಗೆದೆ,
ಖಾಲಿ ಬಿಟ್ಟ ಜಾಗದಲ್ಲಿ ಅಂಕಿ ತುಂಬಿದೆ.
ಬರ್ಕಾದಲ್ಲಿ ತಮ್ಮ ಕಟ್ಟಿಸುತ್ತಿರುವ ಮನೆಯ ಮಾತು ತೆಗೆದರು ಮೇಡಂ,
ಮಹಡಿ ಆಗಿದೆಯಂತೆ, ಮೆಟ್ಟಿಲು ಆಗಿಲ್ಲವಂತೆ,
ಬ್ಯಾಂಕಿನವರು ಈಗ ಮತ್ತೆ ಕರೆಯುತ್ತಾರೆ, ಅಂದರು.
ಹೇಳುತ್ತಲೇ ರುಜುವಿಗೆ ಮೇಲಕ್ಕೆ ಕಳಿಸಿದರು.

ಉಳಿದದ್ದನ್ನು ಯಂತ್ರದ ಬಾಯಿಗೆ ಕೊಡುವುದು ನನ್ನ ಕೆಲಸ.
ಲಕೋಟೆಯೊಳಗೆ, ಮಧ್ಯಾಹ್ನದಿಂದ ಇಷ್ಟು ಹೊತ್ತಿನ ತನಕ
ಆ ಮನೆಗೆ ಮೆಟ್ಟಿಲಿದ್ದ ದೇಶವೊಂದು ಇತ್ತು.
ಶಾವಿಗೆಯಾಗಿ ಕಸದ ಬುಟ್ಟಿಗೆ ಬಿತ್ತು.

ಕೆಳಗೆ ಕಾವಲಿಗೆ ದುರ್ ಮುಹಮ್ಮದ್, ಬಲೂಚಿಯವನು.
ಮೀನು ಸಾಗಿಸುವ ಪಿಕಪ್ಪಿಗೆ ಸಾಲ ಮಾಡಿದ್ದಾನೆ.
ಕಂತು ಅಷ್ಟೇ ಇರುತ್ತದೆ ಭಾಯಿ,
ತಿಂಗಳುಗಳು ಮಾತ್ರ ಮರಿ ಹಾಕುತ್ತವೆ,
ಅಂದಿದ್ದ ಹೋದ ಸಲ. ಆರು ಮರಿ.

ಗಾಜಿನ ಒಳಗಿಂದಲೇ ಹುಬ್ಬು ಹಾರಿಸಿದ: ಯಾವ ಕಡೆ?
ದಪ್ಪ ಗಾಜು, ಮಾತು ದಾಟುವುದಿಲ್ಲ.
ಕೈ ಎತ್ತಿದೆ.

ಆ ರಾತ್ರಿ ನಮ್ಮ ಕಟ್ಟಡದಲ್ಲಿ
ದರದ ಸಲುವಾಗಿ ಎದ್ದದ್ದು ಅದೊಂದೇ ಕೈ.
ಅವನು ಗಡ್ಡ ಕೆರೆದುಕೊಂಡ,
ಬಾಗಿಲು ತೆಗೆಯಲು ಗುಂಡಿ ಒತ್ತಿದ.